ಹಳೆಯ ಬಸ್ಸಿನ ಡಿಫರೆನ್ಷಿಯಲ್: ಆಯಿಲ್ ಹಾಕುವ ಮೊದಲು ಇದ್ದದ್ದು ಎಲ್ಲಿಗೆ ಹೋಯಿತು ನೋಡಿ

ಓದುಗರ ಪ್ರಶ್ನೆ, ಗ್ಯಾರೇಜ್ ಮೇಸ್ತ್ರಿಯ ಉತ್ತರ

ಪ್ರಶ್ನೆ: ಮೇಸ್ತ್ರಿಯವರಿಗೆ ನಮಸ್ಕಾರ. ಶಾಲೆಯೊಂದರ ಬಸ್ಸನ್ನು ಓಡಿಸುತ್ತಿದ್ದೇನೆ. ಬಸ್ಸಿಗೆ ಹದಿನಾರು ವರ್ಷವಾಗಿದೆ. ಹಿಂದಿನ ಆಕ್ಸಲಿನ ನಡುವಿನ ಗೇರುಗಳಿಗೆ, ಅಂದರೆ ಡಿಫರೆನ್ಷಿಯಲ್‌ಗೆ, ತಿಂಗಳಿಗೊಮ್ಮೆ ಒಂದು ಲೀಟರ್ ಆಯಿಲ್ ಹಾಕುತ್ತಾ ಇರಿ, ಹಳೆಯ ಗಾಡಿ ಅಷ್ಟು ಕುಡಿಯುತ್ತದೆ ಎಂದು ಗ್ಯಾರೇಜಿನಲ್ಲಿ ಹೇಳಿದ್ದಾರೆ. ಜೂನ್‌ನಲ್ಲಿ ಶಾಲೆ ತೆರೆಯುವ ಮೊದಲು ಪೂರ್ತಿ ಆಯಿಲನ್ನು ನಾನೇ ಬದಲಿಸಬೇಕೆಂದಿದ್ದೇನೆ. ಕ್ರಮ ತಿಳಿಸುವಿರಾ?
– ಶಾಲಾ ಬಸ್ ಚಾಲಕರು, ಬದಿಯಡ್ಕ

ಉತ್ತರ: ಡ್ರೈವರರೇ, ಡಿಫರೆನ್ಷಿಯಲ್ ಆಯಿಲ್ ಕುಡಿಯುವುದಿಲ್ಲ. ಎಂಜಿನ್ ಕುಡಿಯುತ್ತದೆ, ಪಿಸ್ಟನ್ ರಿಂಗ್ ಸವೆದರೆ ಆಯಿಲ್ ಉರಿದು ಹೊಗೆಯಾಗಿ ಹೋಗುತ್ತದೆ. ಹಿಂದಿನ ಆಕ್ಸಲಿನೊಳಗೆ ಉರಿಯುವುದಕ್ಕೆ ಬೆಂಕಿಯೇ ಇಲ್ಲ. ಅಲ್ಲಿ ಮಟ್ಟ ಇಳಿಯಿತೆಂದರೆ ಆಯಿಲ್ ಎಲ್ಲೋ ಸೋರಿದೆ. ತಿಂಗಳಿಗೆ ಒಂದು ಲೀಟರ್ ಸೋರುವುದು ಸಣ್ಣ ಸಂಗತಿಯಲ್ಲ. ಡಿಫರೆನ್ಷಿಯಲನ್ನು ತಿರುಗಿಸುವ ಮುಂಬದಿಯ ಸಣ್ಣ ಗೇರಿನ, ಅಂದರೆ ಪಿನಿಯನ್ನಿನ, ಸೀಲಿನಿಂದ ರಸ್ತೆಗೆ ತೊಟ್ಟಿಕ್ಕುತ್ತಿದ್ದರೆ ದುಡ್ಡು ಮಾತ್ರ ಹಾಳು. ಚಕ್ರದ ನಡುವಿನ ಹಬ್ಬಿನ ಸೀಲ್ ದಾಟಿ ಬ್ರೇಕ್ ಡ್ರಮ್ಮಿನೊಳಗೆ ಇಳಿಯುತ್ತಿದ್ದರೆ ಮಕ್ಕಳು ತುಂಬಿದ ಬಸ್ಸು ಇಳಿಜಾರಿನಲ್ಲಿ ನಿಲ್ಲಬೇಕಾದ ಕಡೆ ನಿಲ್ಲದೆ ಹೋಗಬಹುದು. ನಮ್ಮ ಕಾಸರಗೋಡಿನ ಒಳದಾರಿಗಳಲ್ಲಿ ಇಳಿಜಾರಿಲ್ಲದ ಸ್ಟಾಪ್ ಎಷ್ಟಿವೆ, ನಿಮಗೇ ಗೊತ್ತು. ಆದ್ದರಿಂದ ಈ ಸಲ ಆಯಿಲ್ ಬದಲಿಸಲು ಬಸ್ಸಿನಡಿಗೆ ಹೋದಾಗ ಸೋರಿಕೆಯನ್ನೂ ಹುಡುಕಿ. ಹುಡುಕದೆ ಹೊಸ ಆಯಿಲ್ ತುಂಬಿಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ.

ಮೊದಲು ಜಾಗ. ಬಸ್ಸು ಸಮತಟ್ಟಾದ ನೆಲದ ಮೇಲೆ ನಿಲ್ಲಬೇಕು. ಗುಡ್ಡ ಕಡಿದು ಮಾಡಿದ ಮುರಕಲ್ಲಿನ ಅಂಗಳ ಕಣ್ಣಿಗೆ ಸಮವಾಗಿ ಕಂಡರೂ ಮಳೆನೀರು ಹರಿಯಲೆಂದು ಒಂದು ಕಡೆಗೆ ವಾಲಿರುತ್ತದೆ. ಓರೆಯಲ್ಲಿ ನಿಲ್ಲಿಸಿ ನೋಡಿದ ಮಟ್ಟ ಸುಳ್ಳು ಹೇಳುತ್ತದೆ. ಒಂದು ಬದಿಗೆ ಜಾಕ್ ಕೊಟ್ಟು ಎತ್ತಿದರೂ ಅಷ್ಟೇ. ಜಾಕ್ ಒಂದನ್ನೇ ನಂಬಿ ಬಸ್ಸಿನಡಿಗೆ ನುಗ್ಗಲೇಬಾರದು. ಹ್ಯಾಂಡ್ ಬ್ರೇಕ್ ಎಳೆದು, ಮುಂದಿನ ಚಕ್ರಗಳ ಎರಡೂ ಬದಿಗೆ ಮರದ ತುಂಡು ಕೊಟ್ಟು, ಕೀಲಿಯನ್ನು ನಿಮ್ಮ ಜೇಬಿನಲ್ಲೇ ಇಟ್ಟುಕೊಳ್ಳಿ. ಅಡಿಯಲ್ಲಿ ಮನುಷ್ಯರಿದ್ದಾರೆಂದು ತಿಳಿಯದೆ ಯಾರಾದರೂ ಬಂದು ಸ್ಟಾರ್ಟ್ ಮಾಡುವ ಸಂಭವ ಇದ್ದೇ ಇದೆ.

ಆಯಿಲ್ ಇಳಿಸುವ ಮೊದಲು ಬಸ್ಸನ್ನು ಅರ್ಧ ಗಂಟೆ ಓಡಿಸಿ ಬನ್ನಿ. ಬಿಸಿಯಾದ ಆಯಿಲ್ ಸಲೀಸಾಗಿ ಹರಿಯುತ್ತದೆ, ತಳದ ಕೊಳೆಯೂ ಅದರೊಂದಿಗೇ ಬರುತ್ತದೆ. ಬಂದ ಕೂಡಲೇ ಪ್ಲಗ್ಗಿಗೆ ಕೈ ಹಾಕಬೇಡಿ. ಗೋಡೆಗಳಿಗೆ ಎರಚಿದ ಆಯಿಲ್ ಕೆಳಗಿಳಿದು ಮಟ್ಟ ನಿಲ್ಲಲು ಹತ್ತು ಹದಿನೈದು ನಿಮಿಷ ಬೇಕು. ಅಷ್ಟರಲ್ಲಿ ಕೈ ಸುಡದಷ್ಟು ತಣಿದೂ ಇರುತ್ತದೆ.

ಈಗ ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಿ: ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚಿಕೊಂಡ ಮೇಲೆಯೇ ಕೆಳಗಿನ ಡ್ರೈನ್ ಪ್ಲಗ್ ಮುಟ್ಟಬೇಕು. ಹಳೆಯ ಬಸ್ಸುಗಳಲ್ಲಿ ಫಿಲ್ಲರ್ ಪ್ಲಗ್ ತುಕ್ಕು ಹಿಡಿದು ಕಚ್ಚಿಕೊಂಡಿರುತ್ತದೆ. ಕೆಳಗಿನದನ್ನು ಮೊದಲು ಬಿಚ್ಚಿ ಆಯಿಲ್ ಪೂರ್ತಿ ಇಳಿಸಿದ ಬಳಿಕ ಮೇಲಿನದು ಬಿಚ್ಚದಿದ್ದರೆ ಬಸ್ಸು ಬರಿದಾದ ಆಕ್ಸಲಿನೊಂದಿಗೆ ನಿಂತಲ್ಲೇ ನಿಲ್ಲುತ್ತದೆ. ಬಿಚ್ಚುವ ಮುನ್ನ ಪ್ಲಗ್ಗಿನ ಸುತ್ತ ತಂತಿ ಬ್ರಷ್ಷಿನಿಂದ ಉಜ್ಜಿ, ಡೀಸೆಲ್ ಹಾಕಿದ ಬಟ್ಟೆಯಿಂದ ಒರೆಸಿ. ಇಲ್ಲವಾದರೆ ಆ ಕೆಂಪು ಮಣ್ಣು ನೇರವಾಗಿ ಬೇರಿಂಗಿಗೆ ಹೋಗುತ್ತದೆ. ಕಚ್ಚಿಕೊಂಡಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ತಲೆಗೆ ಮೆಲ್ಲನೆ ನಾಲ್ಕು ಪೆಟ್ಟು ಕೊಟ್ಟು ಸರಿಯಾದ ಅಳತೆಯ ಸ್ಪ್ಯಾನರ್ ಹಾಕಿ. ಉಳಿ ಇಟ್ಟು ಹೊಡೆದು ಮೂಲೆ ಹಾರಿಸಿದ ಪ್ಲಗ್ಗುಗಳು ನನ್ನ ಬಳಿಗೆ ಬಂದಾಗ ಸಿಟ್ಟು ಬರುತ್ತದೆ. ಐದು ನಿಮಿಷದ ಅವಸರ ಅರ್ಧ ದಿನದ ಕೆಲಸವಾಗಿ ಕೂರುತ್ತದೆ.

ಪ್ಲಗ್ ಬಿಚ್ಚಿದ ಮೇಲೆ ಕಿರುಬೆರಳನ್ನು ತೂತಿನೊಳಗೆ ಹಾಕಿ ಕೆಳಕ್ಕೆ ಬಾಗಿಸಿ. ತೂತಿನ ಕೆಳ ಅಂಚಿಗೆ ಸರಿಯಾಗಿ ಆಯಿಲ್ ತಾಗಬೇಕು. ಬೆರಳು ಬಾಗಿಸಿದರೂ ತಾಗದಿದ್ದರೆ ಕಡಿಮೆ ಇದೆ. ಪ್ಲಗ್ ಬಿಚ್ಚಿದೊಡನೆ ಹೊರಗೆ ಹರಿದರೆ ಯಾರೋ ಹೆಚ್ಚು ತುಂಬಿಸಿದ್ದಾರೆ, ಇಲ್ಲವೇ ನೀರು ಸೇರಿದೆ. ಹೆಚ್ಚು ಹಾಕಿದರೆ ಒಳ್ಳೆಯದೆಂಬ ನಂಬಿಕೆ ನಮ್ಮಲ್ಲಿದೆ. ಮಟ್ಟ ಮೀರಿದ ಆಯಿಲನ್ನು ಪಿನಿಯನ್ ತಿರುಗಿಸುವ ದೊಡ್ಡ ಹಲ್ಲಿನ ಕ್ರೌನ್ ಚಕ್ರ ಕಡೆದು ನೊರೆ ಮಾಡುತ್ತದೆ, ಬಿಸಿ ಏರುತ್ತದೆ, ಕೊನೆಗೆ ಸೀಲಿನಿಂದಲೇ ಹೊರಗೆ ಬರುತ್ತದೆ. ಕೆಲವು ಆಕ್ಸಲುಗಳಲ್ಲಿ ಮಟ್ಟ ನೋಡುವ ತೂತೂ ತುಂಬಿಸುವ ತೂತೂ ಬೇರೆ ಬೇರೆ ಇರುವುದರಿಂದ ನಿಮ್ಮ ಬಸ್ಸಿನ ಕೈಪಿಡಿಯ ಚಿತ್ರವನ್ನೊಮ್ಮೆ ನೋಡಿಕೊಳ್ಳಿ.

ಇಳಿಸುವಾಗ ದೊಡ್ಡ ಪಾತ್ರೆ ಇಡಿ, ಧಾರೆ ನಿಂತ ಮೇಲೂ ತೊಟ್ಟಿಕ್ಕುವುದು ಮುಗಿಯುವ ತನಕ ಬಿಡಿ. ಆ ಹೊತ್ತಿನಲ್ಲಿ ಡ್ರೈನ್ ಪ್ಲಗ್ಗನ್ನು ಬೆಳಕಿಗೆ ಹಿಡಿದು ನೋಡಿ. ಅದರ ತುದಿಯಲ್ಲಿ ಸಾಮಾನ್ಯವಾಗಿ ಅಯಸ್ಕಾಂತ ಇರುತ್ತದೆ. ಅದಕ್ಕೆ ಬೂದು ಬಣ್ಣದ ನುಣ್ಣನೆಯ ಲೇಪ ಅಂಟಿದ್ದರೆ ಹೆದರಬೇಡಿ. ಹಲ್ಲು ಹಲ್ಲಿಗೆ ಉಜ್ಜಿ ಬಂದ ಉಕ್ಕಿನ ಹುಡಿ ಅದು, ಎಲ್ಲ ಬಸ್ಸಿನಲ್ಲೂ ಇರುತ್ತದೆ. ಲೇಪವನ್ನು ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿ. ಜಾರಿದರೆ ಸರಿ. ಮರಳಿನ ಹಾಗೆ ಗರಗರ ಎಂದರೆ, ಅಥವಾ ಉಗುರಿಗೆ ಸಿಗುವಂಥ ಚಕ್ಕೆ ಇದ್ದರೆ, ಬೇರಿಂಗೋ ಹಲ್ಲೋ ಒಡೆಯುತ್ತಿದೆ. ಬಸ್ಸನ್ನು ಅಲ್ಲಿಗೇ ನಿಲ್ಲಿಸಿ ಡಿಫರೆನ್ಷಿಯಲ್ ಬಿಚ್ಚಿಸಿ ನೋಡಿಸಿ. ಆಯಿಲಿನ ಒಂದಿಷ್ಟನ್ನು ಬಿಳಿ ಬಟ್ಟೆಯ ಮೇಲೆ ಸುರಿದು ಬಿಸಿಲಿಗೆ ಹಿಡಿದಾಗ ಹಳದಿ ಮಿನುಗು ಕಂಡರೆ ಒಳಗಿನ ಸಣ್ಣ ಗೇರುಗಳ ಹಿಂದಿರುವ ಕಂಚಿನ ವಾಷರ್ ಸವೆಯುತ್ತಿದೆ. ಅದು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಅದಕ್ಕಾಗಿಯೇ ಬಟ್ಟೆಯ ಪರೀಕ್ಷೆ ಬೇಕು. ಹೊಸ ಗೇರ್ ಆಯಿಲಿಗೂ ಗಂಧಕದ ಘಾಟು ಇರುತ್ತದೆ, ಅದನ್ನು ಮೂಸಿ ಆಯಿಲ್ ಕೆಟ್ಟಿದೆ ಎನ್ನಬೇಡಿ. ಸುಟ್ಟ ವಾಸನೆಯೂ ಕಪ್ಪು ಬಣ್ಣವೂ ಒಟ್ಟಿಗೆ ಬಂದರೆ ಆಕ್ಸಲ್ ಅತಿಯಾಗಿ ಬಿಸಿಯಾಗಿದೆ.

ಆಕ್ಸಲನ್ನು ಸೀಮೆಎಣ್ಣೆಯಿಂದಲೋ ಡೀಸೆಲಿನಿಂದಲೋ ತೊಳೆಯುವ ರೂಢಿ ಇದೆ. ಬೇಡ. ಮೂಲೆಗಳಲ್ಲಿ ನಿಂತ ಡೀಸೆಲ್ ಹೊಸ ಆಯಿಲನ್ನು ತೆಳ್ಳಗೆ ಮಾಡುತ್ತದೆ. ಡ್ರೈನ್ ಪ್ಲಗ್ಗಿಗೆ ಹೊಸ ವಾಷರ್ ಹಾಕಿ ಬಿಗಿ ಮಾಡಿ. ಸ್ಪ್ಯಾನರಿಗೆ ಕೊಳವೆ ಸಿಕ್ಕಿಸಿ ನೇತಾಡುವಷ್ಟು ಬಿಗಿ ಬೇಡ, ಹೌಸಿಂಗಿನ (ಆಕ್ಸಲಿನ ಹೊರಕವಚದ) ತಿರುಪಿನ ಮರೆ ಕಿತ್ತುಹೋದರೆ ಪ್ಲಗ್ ಬದಲಿಸಿದರೂ ನಿಲ್ಲುವುದಿಲ್ಲ. ಹೊಸ ಆಯಿಲಿನ ಡಬ್ಬವನ್ನು ಸ್ವಲ್ಪ ಹೊತ್ತು ಬಿಸಿಲಲ್ಲಿಟ್ಟರೆ ಕೈಪಂಪಿನಲ್ಲಿ ಬೇಗ ಏರುತ್ತದೆ. ತೂತಿನ ಅಂಚಿನಿಂದ ತೊಟ್ಟಿಕ್ಕುವ ತನಕ ತುಂಬಿಸಿ, ಹತ್ತು ನಿಮಿಷ ತಡೆದು ಮತ್ತೆ ನೋಡಿ. ದಪ್ಪ ಆಯಿಲ್ ಆಕ್ಸಲ್ ಕೊಳವೆಗಳ ಒಳಗೆ ಸೇರುವಷ್ಟರಲ್ಲಿ ಮಟ್ಟ ಮತ್ತೆ ಇಳಿದಿರುತ್ತದೆ. ಎಷ್ಟು ಲೀಟರ್ ಇಳಿಯಿತೋ ಅಷ್ಟೇ ತುಂಬಿಸುವ ಲೆಕ್ಕ ನಿಮ್ಮ ಬಸ್ಸಿಗೆ ಹೊಂದುವುದಿಲ್ಲ, ಏಕೆಂದರೆ ಅದರಲ್ಲಿ ಇದ್ದದ್ದೇ ಕಡಿಮೆ. ಒಂದು ಸುತ್ತು ಓಡಿಸಿ ಬಂದು ಮೂರನೆಯ ಸಲ ಮಟ್ಟ ನೋಡಿ.

ಇನ್ನು ಸೋರಿಕೆ. ಎಲ್ಲಕ್ಕಿಂತ ಮೊದಲು ಹೌಸಿಂಗಿನ ನೆತ್ತಿಯ ಮೇಲಿರುವ ಬ್ರೀದರ್ ನೋಡಿ. ಹೆಬ್ಬೆರಳಿಗಿಂತ ಚಿಕ್ಕ ಟೊಪ್ಪಿ ಅದು. ಓಡುವಾಗ ಒಳಗಿನ ಗಾಳಿ ಬಿಸಿಯಾಗಿ ಹಿಗ್ಗುತ್ತದೆ, ಅದು ಹೊರಹೋಗಲು ಇರುವ ದಾರಿ ಇದೊಂದೇ. ದಾರಿ ಮುಚ್ಚಿದರೆ ಒತ್ತಡ ಸೀಲುಗಳ ಮೇಲೆ ಬಿದ್ದು ಒಳ್ಳೆಯ ಸೀಲಿನಿಂದಲೂ ಆಯಿಲ್ ನುಗ್ಗುತ್ತದೆ. ಎಂಟು ವರ್ಷ ದಾಟಿದ ಬಸ್ಸಿಗೆ ವರ್ಷವರ್ಷವೂ ಫಿಟ್ನೆಸ್ ಪರೀಕ್ಷೆ ಇದೆ. ಅದಕ್ಕೆ ಮುಂಚೆ ಅಡಿಭಾಗಕ್ಕೆಲ್ಲ ಕಪ್ಪು ಪೇಂಟ್ ಹೊಡೆಯುತ್ತಾರೆ. ಆ ಪೇಂಟ್ ಬ್ರೀದರಿನ ಮೇಲೂ ಕೂತು, ಅದರ ಮೇಲೆ ಧೂಳು ಕೂತು, ಟೊಪ್ಪಿ ಕಲ್ಲಾಗುತ್ತದೆ. ಬೆರಳಿನಿಂದ ತಿರುಗಿಸಿ ನೋಡಿ. ಅಲುಗಾಡದಿದ್ದರೆ ಬಿಚ್ಚಿ ಡೀಸೆಲಿನಲ್ಲಿ ತೊಳೆದು, ಊದಿ ಗಾಳಿ ದಾಟುವುದನ್ನು ಖಚಿತ ಮಾಡಿಕೊಂಡು ಹಾಕಿ. ಸೀಲ್ ಬದಲಿಸಿದರೂ ಸೋರುವುದು ನಿಲ್ಲಲಿಲ್ಲ ಎಂದು ಬರುವವರಿಗೆ ನಾನು ಮೊದಲು ಕೇಳುವುದು ಬ್ರೀದರ್ ವಿಚಾರವನ್ನೇ.

ಬ್ರೀದರ್ ಸರಿಯಿದ್ದೂ ಸೋರಿದರೆ ಪಿನಿಯನ್ ಫ್ಲೇಂಜಿನ (ಶಾಫ್ಟು ಜೋಡಿಸುವ ತಟ್ಟೆಯ) ಸುತ್ತ, ಹೌಸಿಂಗಿನ ಬೋಲ್ಟುಗಳ ಸುತ್ತ, ಆಕ್ಸಲ್ ಶಾಫ್ಟಿನ ಹೊರ ಫ್ಲೇಂಜಿನಲ್ಲಿ ಚೆನ್ನಾಗಿ ಒರೆಸಿ ಸೀಮೆಸುಣ್ಣದ ಪುಡಿ ಸವರಿ ಓಡಿಸಿ ಬನ್ನಿ. ಒದ್ದೆ ಎಲ್ಲಿಂದ ಶುರುವಾಯಿತೆಂದು ಪುಡಿಯೇ ತೋರಿಸುತ್ತದೆ. ಪಿನಿಯನ್ ಸೀಲ್ ಬದಲಿಸುವಾಗ ಫ್ಲೇಂಜಿನ ಮೇಲೆ ಸೀಲ್ ಕೂರುವ ಜಾಗವನ್ನು ಉಗುರಿನಿಂದ ಸವರಿ. ಗೀರು ಉಗುರಿಗೆ ತಡೆದರೆ ಹೊಸ ಸೀಲೂ ಹೆಚ್ಚು ಕಾಲ ಬಾಳದು. ಅಲ್ಲಿನ ನಟ್ಟನ್ನು ಕಣ್ಣಂದಾಜಿನಲ್ಲಿ ಉದ್ದ ಕೊಳವೆ ಹಾಕಿ ಬಿಗಿಯುವುದು ಅಪಾಯ, ಬೇರಿಂಗಿನ ಬಿಗಿ ಕೆಟ್ಟುಹೋಗುತ್ತದೆ. ಆ ಕೆಲಸವನ್ನು ಬಲ್ಲವರಿಗೆ ಬಿಡಿ. ಕೊನೆಗೆ ಹಿಂದಿನ ಟೈರುಗಳ ಒಳಬದಿ ನೋಡಿ. ಅಲ್ಲಿ ಎಣ್ಣೆಯ ಗೆರೆಗಳು ಹಬ್ಬಿನಿಂದ ಹೊರಕ್ಕೆ ಹರಡಿದ್ದರೆ ಆಯಿಲ್ ಡ್ರಮ್ಮಿಗೆ ಹೋಗಿದೆ. ಸೀಲಿನ ಜೊತೆಗೆ ಬ್ರೇಕ್ ಲೈನಿಂಗನ್ನೂ ಬದಲಿಸಬೇಕು. ಲೈನಿಂಗ್ ಎಣ್ಣೆಯನ್ನು ಹೀರಿರುತ್ತದೆ, ಪೆಟ್ರೋಲಿನಲ್ಲಿ ಒರೆಸಿದರೂ ಬಿಸಿಯಾದಾಗ ಮತ್ತೆ ಹೊರಬರುತ್ತದೆ. ಖರ್ಚಿಗೆ ಆಡಳಿತದವರು ಹಿಂಜರಿದರೆ ಈ ಪುಟವನ್ನೇ ಅವರ ಮುಂದಿಡಿ. ಲೈನಿಂಗ್ ಬದಲಾಗುವ ತನಕ ಆ ಬಸ್ಸಿಗೆ ಮಕ್ಕಳನ್ನು ಹತ್ತಿಸಬೇಡಿ.

ಪ್ರಶ್ನೆ: ಕುಂಬಳೆ–ಮುಳ್ಳೇರಿಯ ಕಡೆ ನನ್ನದೊಂದು ಹಳೆಯ ಬಸ್ಸು ಓಡುತ್ತಿದೆ. ಗೇರ್‌ಬಾಕ್ಸಿಗೂ ಡಿಫರೆನ್ಷಿಯಲಿಗೂ ಒಂದೇ ಡಬ್ಬದ 'ತೊಂಬತ್ತರ ಆಯಿಲ್' ಸಾಕು ಎಂದು ಅಂಗಡಿಯವರು ಹೇಳುತ್ತಾರೆ. ಸರಿಯೇ?
– ಬಸ್ ಮಾಲೀಕರು, ಸೀತಾಂಗೋಳಿ

ಉತ್ತರ: ಸರಿಯಲ್ಲ. 90 ಎಂಬುದು ಆಯಿಲ್ ಎಷ್ಟು ದಪ್ಪ ಎಂಬುದನ್ನಷ್ಟೇ ಹೇಳುತ್ತದೆ. ಅದರೊಳಗೆ ಏನು ಬೆರೆಸಿದ್ದಾರೆಂದು ತಿಳಿಯಬೇಕಾದರೆ ಡಬ್ಬದ ಮೇಲೆ ಜಿಎಲ್-4 ಎಂದಿದೆಯೋ ಜಿಎಲ್-5 ಎಂದಿದೆಯೋ ಓದಬೇಕು.

ಹೆಚ್ಚಿನ ಬಸ್ಸುಗಳ ಹಿಂದಿನ ಆಕ್ಸಲಿನಲ್ಲಿ ಇರುವುದು ಹೈಪಾಯ್ಡ್ ಗೇರ್. ಅದರಲ್ಲಿ ಪಿನಿಯನ್ ಕ್ರೌನ್ ಚಕ್ರದ ನಡುಮಧ್ಯಕ್ಕೆ ಕೂರದೆ ಸ್ವಲ್ಪ ಕೆಳಗೆ ಕೂರುತ್ತದೆ. ಹೀಗಾಗಿ ಹಲ್ಲುಗಳು ಒಂದರ ಮೇಲೊಂದು ಉರುಳುವುದರ ಜೊತೆಗೆ ಉದ್ದಕ್ಕೆ ಜಾರುತ್ತವೆ. ಆ ಜಾರುವ ಒತ್ತಡದಲ್ಲಿ ಸಾದಾ ಆಯಿಲಿನ ಪದರ ಹರಿದು ಉಕ್ಕಿಗೆ ಉಕ್ಕು ತಾಗುತ್ತದೆ. ಜಿಎಲ್-5 ಆಯಿಲಿನಲ್ಲಿ ಗಂಧಕ ಮತ್ತು ರಂಜಕದ ಅಂಶ ಹೆಚ್ಚಿರುತ್ತದೆ. ಹಲ್ಲು ಬಿಸಿಯಾದ ಜಾಗದಲ್ಲೇ ಅವು ಉಕ್ಕಿನೊಡನೆ ಕೂಡಿ ತೆಳುವಾದ ರಕ್ಷಣೆಯ ಪೊರೆ ಕಟ್ಟುತ್ತವೆ. ಡಿಫರೆನ್ಷಿಯಲಿಗೆ ಅದು ಬೇಕೇ ಬೇಕು. ಅದೇ ಅಂಶ ಗೇರ್‌ಬಾಕ್ಸಿನಲ್ಲಿ ಗೇರ್ ಬದಲಿಸುವಾಗ ವೇಗ ಹೊಂದಿಸುವ ಹಿತ್ತಾಳೆಯ ಸಿಂಕ್ರೊ ರಿಂಗುಗಳನ್ನು ತಿನ್ನಬಹುದು. ಆದ್ದರಿಂದ ಕೈಪಿಡಿ ಗೇರ್‌ಬಾಕ್ಸಿಗೆ ಜಿಎಲ್-4 ಎಂದಿದ್ದರೆ ಅದನ್ನೇ ಹಾಕಿ. ಎರಡು ಡಬ್ಬ ಕೊಳ್ಳುವುದಕ್ಕೆ ಆಗುವ ಹೆಚ್ಚಿನ ಖರ್ಚು ಒಂದು ಜೊತೆ ಕ್ರೌನ್ ಪಿನಿಯನ್ನಿನ ಬೆಲೆಯ ಮುಂದೆ ಏನೂ ಅಲ್ಲ.

ದಪ್ಪದ ವಿಚಾರದಲ್ಲಿ ನಮ್ಮ ಸೆಕೆಗೂ ತುಂಬಿದ ಬಸ್ಸಿಗೂ 85ಡಬ್ಲ್ಯು-140 ಹಾಕುವವರಿದ್ದಾರೆ, 80ಡಬ್ಲ್ಯು-90 ಹಾಕುವವರಿದ್ದಾರೆ. ನಿಮ್ಮ ಆಕ್ಸಲ್ ತಯಾರಿಸಿದವರು ಹೇಳಿದ್ದೇ ಕೊನೆಯ ಮಾತು. ಶಬ್ದ ಅಡಗಲಿ ಎಂದು ದಪ್ಪ ಆಯಿಲಿಗೆ ಹೋಗುವುದು ಬೇನೆಗೆ ಮುಸುಕು ಹಾಕಿದ ಹಾಗಾಗುತ್ತದೆ. ಎಂಜಿನ್ ಆಯಿಲಿನ ಅಂಕೆಯೂ ಗೇರ್ ಆಯಿಲಿನ ಅಂಕೆಯೂ ಬೇರೆ ಬೇರೆ ಅಳತೆಯವು ಎಂಬುದೂ ಗೊತ್ತಿರಲಿ. ಗೇರ್ ಆಯಿಲಿನ 90 ಎಂದರೆ ಎಂಜಿನ್ ಆಯಿಲಿನ 40–50ರಷ್ಟೇ ದಪ್ಪ.

ಪ್ರಶ್ನೆ: ನನ್ನ ಮಗಳು ಹೋಗುವ ಬಸ್ಸಿನಲ್ಲಿ ಹಿಂದಿನ ಸೀಟಿನಡಿಯಿಂದ ಗುಂಯ್ ಎಂಬ ಶಬ್ದ ಬರುತ್ತದೆ. ಡ್ರೈವರ್ ಹತ್ತಿರ ಹೇಳಿದರೆ ಹಳೆಯ ಬಸ್ಸು, ಹಾಗೇ ಎನ್ನುತ್ತಾರೆ. ಹೆದರಬೇಕೇ?
– ಒಬ್ಬ ತಾಯಿ, ಪೆರ್ಲ

ಉತ್ತರ: ಅಕ್ಕಾ, ನೀವು ಕಿವಿಗೊಟ್ಟು ಕೇಳಿದ್ದು ಒಳ್ಳೆಯದಾಯಿತು. ಹೆದರುವ ಮೊದಲು ಇನ್ನೊಮ್ಮೆ ಹೀಗೆ ಕೇಳಿ, ಕೇಳಿದ್ದನ್ನು ಡ್ರೈವರಿಗೂ ಆಡಳಿತದವರಿಗೂ ಬರೆದು ಕೊಡಿ. ಆಕ್ಸಿಲರೇಟರ್ ಒತ್ತಿದಾಗ ಜೋರಾಗಿ, ಬಿಟ್ಟಾಗ ಅಡಗಿ ಅಥವಾ ರಾಗ ಬದಲಾಗಿ ಕೇಳಿದರೆ ಕ್ರೌನ್ ಪಿನಿಯನ್ ಹಲ್ಲುಗಳ ದೂರು. ಒತ್ತಿದರೂ ಬಿಟ್ಟರೂ ಒಂದೇ ಸಮನೆ ಗುರುಗುಟ್ಟಿ, ವೇಗ ಏರಿದಂತೆ ಏರಿದರೆ ಬೇರಿಂಗ್ ಇರಬಹುದು. ತಿರುವಿನಲ್ಲಿ ಮಾತ್ರ ಕೇಳಿದರೆ ಡಿಫರೆನ್ಷಿಯಲಿನ ಒಳಗಿನ ಸಣ್ಣ ಗೇರುಗಳನ್ನು ನೋಡಬೇಕು. ತಿರುವಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಹೆಚ್ಚು ದೂರ ಓಡಬೇಕಲ್ಲ, ಆ ವ್ಯತ್ಯಾಸವನ್ನು ಹಂಚಿಕೊಡುವುದು ಆ ಗೇರುಗಳೇ. ನೇರ ದಾರಿಯಲ್ಲಿ ಅವು ತಮ್ಮಷ್ಟಕ್ಕೆ ತಿರುಗುವುದಿಲ್ಲ. ಹೊರಡುವಾಗ ಒಮ್ಮೆ ಟಕ್ ಎಂದರೆ ಮೊದಲು ಗೇರ್‌ಬಾಕ್ಸಿನಿಂದ ಹಿಂದಕ್ಕೆ ಬರುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ಅದರ ಕೀಲು) ನೋಡಲು ಹೇಳಿ.

ಟೈರಿನ ಶಬ್ದವೂ ಹಿಂದಿನಿಂದಲೇ ಬರುತ್ತದೆ. ಅದು ರಸ್ತೆಯೊಡನೆ ಬದಲಾಗುತ್ತದೆ. ಬಸ್ಸು ತಲಪಾಡಿ–ಚೆಂಗಳದ ಹೊಸ ಹೆದ್ದಾರಿಗೆ ಹತ್ತಿದಾಗ ಶಬ್ದ ಬೇರೆಯಾದರೆ ಟೈರು. ನಮ್ಮ ಹಳೆಯ ಡಾಮರಿನಲ್ಲೂ ಅಲ್ಲಿಯೂ ಒಂದೇ ಬಗೆಯಾಗಿದ್ದರೆ ಆಕ್ಸಲ್. ಹಳೆಯ ಬಸ್ಸೆಂದರೆ ಹಾಗೇ ಎಂಬ ಉತ್ತರವನ್ನು ಒಪ್ಪಿಕೊಳ್ಳಬೇಡಿ. ಮಟ್ಟ ನೋಡಿದ್ದೀರಾ ಎಂದು ಕೇಳಿ. ಹತ್ತು ನಿಮಿಷದ ಕೆಲಸ ಅದು.

ಪ್ರಶ್ನೆ: ಕಳೆದ ಮಳೆಗಾಲದಲ್ಲಿ ತೋಡು ಉಕ್ಕಿ ರಸ್ತೆಗೆ ಬಂದಿತ್ತು. ಚಕ್ರ ಅರ್ಧ ಮುಳುಗುವ ನೀರಿನಲ್ಲಿ ಬಸ್ಸು ದಾಟಿಸಿದೆ. ಈಗ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದೆ. ಓಡಿಸಬಹುದೇ?
– ಚಾಲಕರು, ಪೈವಳಿಕೆ

ಉತ್ತರ: ಓಡಿಸಬೇಡಿ. ಅದು ನೀರು. ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗಿ, ಬ್ರೀದರಿನಿಂದಲೂ ಸೀಲಿನ ಅಂಚಿನಿಂದಲೂ ನೀರನ್ನು ಒಳಗೆ ಎಳೆದುಕೊಂಡಿದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಬೀಳುವ ಜಿಲ್ಲೆ ನಮ್ಮದು. ನೀರಿಗಿಳಿಸಿದ ಪ್ರತಿ ಬಸ್ಸನ್ನೂ ಮಾರನೆಯ ಬೆಳಿಗ್ಗೆಯೇ ನೋಡಬೇಕು. ರಾತ್ರಿಯಿಡೀ ನಿಂತ ಬಸ್ಸಿನಲ್ಲಿ ನೀರು ಭಾರವಾದ್ದರಿಂದ ತಳಕ್ಕೆ ಇಳಿದಿರುತ್ತದೆ. ಸ್ಟಾರ್ಟ್ ಮಾಡುವ ಮೊದಲು ಡ್ರೈನ್ ಪ್ಲಗ್ಗನ್ನು ತುಸು ಸಡಿಲಿಸಿದರೆ ಮೊದಲ ಹನಿಗಳಲ್ಲೇ ಗೊತ್ತಾಗುತ್ತದೆ.

ನಿಮ್ಮ ಬಸ್ಸಿನಲ್ಲಿ ನೀರು ಆಯಿಲಿನೊಡನೆ ಪೂರ್ತಿ ಕಲೆತಿದೆ, ಇನ್ನು ಬೇರೆಯಾಗುವುದಿಲ್ಲ. ಎಲ್ಲವನ್ನೂ ಇಳಿಸಿ ಹೊಸ ಆಯಿಲ್ ಹಾಕಿ, ಕೆಲವು ದಿನ ಓಡಿಸಿ ಮತ್ತೆ ಇಳಿಸಿ ನೋಡಿ. ಆಗಲೂ ಮಸುಕಾಗಿದ್ದರೆ ಇನ್ನೊಮ್ಮೆ ಬದಲಿಸಿ. ಹಿಂದಿನ ಹಬ್ಬುಗಳ ಗ್ರೀಸನ್ನೂ ನೋಡಿಸಿ, ಅಲ್ಲಿಗೂ ನೀರು ಹೋಗಿರುತ್ತದೆ. ಇಷ್ಟು ತಿಂಗಳು ನೀರು ನಿಂತ ಬೇರಿಂಗಿನಲ್ಲಿ ತುಕ್ಕಿನ ಕಲೆ ಬಿದ್ದಿರಬಹುದು. ಶಬ್ದ ಶುರುವಾದರೆ ತಡಮಾಡದೆ ಬಿಚ್ಚಿಸಿ.

ಪ್ರಶ್ನೆ: ಇಳಿಸಿದ ಹಳೆಯ ಆಯಿಲನ್ನು ತೋಟದ ಬೇಲಿಕಂಬಗಳಿಗೆ ಗೆದ್ದಲು ಹಿಡಿಯದಂತೆ ಬಳಿಯುತ್ತೇವೆ. ಉಳಿದದ್ದನ್ನು ಗುಡ್ಡದ ಬದಿಗೆ ಚೆಲ್ಲುತ್ತೇವೆ. ತೊಂದರೆ ಇದೆಯೇ?
– ಕೃಷಿಕರು, ಬಾಯಾರು

ಉತ್ತರ: ಇದೆ. ನಿಮ್ಮ ಊರಿನಲ್ಲಿ ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದ ನೀರು ಕುಡಿಯುವ ಮನೆಗಳಿವೆ. ಗುಡ್ಡದ ಮೇಲೆ ಬಿದ್ದ ಮಳೆ ಮುರಕಲ್ಲಿನ ತೂತುಗಳಲ್ಲಿ ಇಂಗಿ ಆ ಸುರಂಗಕ್ಕೆ ಒಸರುತ್ತದೆ. ಗುಡ್ಡದ ಬದಿಗೆ ಚೆಲ್ಲಿದ ಆಯಿಲ್ ಅದೇ ದಾರಿ ಹಿಡಿಯುತ್ತದೆ. ಕಂಬಕ್ಕೆ ಬಳಿದದ್ದೂ ಮೊದಲ ಮಳೆಗೆ ತೊಳೆದು ಮಣ್ಣು ಸೇರುತ್ತದೆ. ಬಳಸಿದ ಆಯಿಲ್ 2016ರ ಕೇಂದ್ರ ನಿಯಮಗಳಂತೆ ಅಪಾಯಕಾರಿ ತ್ಯಾಜ್ಯ. ಮುಚ್ಚಳವಿರುವ ಕ್ಯಾನಿನಲ್ಲಿ ತುಂಬಿಸಿ, ನೀರು ಬೀಳದ ಕಡೆ ಇಡಿ. ಪರವಾನಗಿ ಇರುವ ಸಂಗ್ರಹಗಾರರಿಗೆ ಆಯಿಲ್ ಕೊಡುವ ದೊಡ್ಡ ವರ್ಕ್‌ಶಾಪುಗಳಿವೆ, ಅಲ್ಲಿಗೆ ತಲುಪಿಸಿ. ಬ್ರೇಕ್ ಆಯಿಲನ್ನೂ ಪೆಟ್ರೋಲನ್ನೂ ಅದೇ ಕ್ಯಾನಿಗೆ ಬೆರೆಸಬೇಡಿ, ಬೆರೆಸಿದರೆ ಅವರು ತೆಗೆದುಕೊಳ್ಳುವುದಿಲ್ಲ.